ನಮ್ಮ ಕಾರಿನ ಟೈಮಿಂಗ್ ಬೆಲ್ಟ್ ಅವರ ಸನ್ನಿಧಾನಕ್ಕೆ

ಬಸವಕಲ್ಯಾಣ
ಶುಕ್ರವಾರ

ಮಾನ್ಯ ಟೈಮಿಂಗ್ ಬೆಲ್ಟ್ ಅವರೇ,

ಇಂಜಿನ್ನಿನ ಮಗ್ಗುಲಲ್ಲಿ, ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಸುತ್ತುತ್ತಲೇ ಇರುವ ತಮಗೆ, ಸರಕಾರಿ ಕಚೇರಿಯೊಂದರಲ್ಲಿ ಕುಳಿತಲ್ಲಿಂದ ಏಳದ ಗುಮಾಸ್ತ ಅನೀಲಕುಮಾರನ ಸಾವಿರ ನಮಸ್ಕಾರಗಳು. ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನನ್ನ ಬಲಗೈಯಲ್ಲಿ ಮೂರು ಬೆರಳು ಮಾತ್ರ ಕ್ಷೇಮವಾಗಿವೆ.

ಮೊದಲಿಗೆ ತಮ್ಮ ಕರ್ತವ್ಯನಿಷ್ಠೆಯನ್ನು ಕೊಂಡಾಡದೆ ಮುಂದೆ ಹೋಗುವುದು ಅಪರಾಧವಾದೀತು. ಕೆಳಗಿನ ಚಕ್ರ ಎರಡು ಸುತ್ತು ಬಂದರೆ ಮೇಲಿನ ಚಕ್ರ ಸರಿಯಾಗಿ ಒಂದೇ ಸುತ್ತು ಬರಬೇಕೆಂಬ ನಿಯಮವನ್ನು ತಾವು ಒಂದು ಹಲ್ಲಿನಷ್ಟೂ ತಪ್ಪದೆ ಪಾಲಿಸುತ್ತೀರಿ. ನಮ್ಮ ಕಚೇರಿಯಲ್ಲಿ ಇಂಥವರು ಒಬ್ಬರಿದ್ದಿದ್ದರೆ ಉಳಿದವರೆಲ್ಲ ಸೇರಿ ಎಂದೋ ಬೇರೆ ಜಿಲ್ಲೆಗೆ ವರ್ಗ ಮಾಡಿಸುತ್ತಿದ್ದೆವು. ಆದರೆ ತಾವು ಸುಸ್ತಾದಾಗ ಒಂದು ಕೆಮ್ಮು, ಒಂದು ಕಿರುಗುಟ್ಟುವಿಕೆ, ಏನೂ ಇಲ್ಲದೆ ಮೌನವಾಗಿ ಹರಿದು, ಹೋಗುವಾಗ ಇಂಜಿನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೀರಂತೆ. ಇದು ಯಾವ ಊರಿನ ಸೌಜನ್ಯ, ಸ್ವಾಮೀ?

ಈ ಸಂಗತಿಯನ್ನು ನನಗೆ ತಿಳಿಸಿದವರು ಹೆದ್ದಾರಿ ಪಕ್ಕದ ಮೆಕ್ಯಾನಿಕ್ ಯುನೂಸ್ ಭಾಯಿ. ಹೋದ ಶನಿವಾರ ಮುಚ್ಚಳ ಎತ್ತಿ, ತಮ್ಮ ಹಿಂದಿನವರ ಮೈಮೇಲಿನ ಬಿರುಕು ತೋರಿಸಿ, "ಇದು ಹಾದ್ಯಾಗ ಹರೀತಂದ್ರ ಇಂಜಿನ್ ಖತಂ ಸಾಬ್. ಖರೇ ನನ್ನ ಹತ್ರ ಕಬ್ಬಿನ ಟ್ರ್ಯಾಕ್ಟರ್ ಲೈನ್ ಹಚ್ಚಿ ನಿಂತಾವ, ಬುಧವಾರ ತನಕ ಪುರಸೊತ್ತಿಲ್ರಿ" ಎಂದರು. ನನಗೋ ಕಾರು ಸೋಮವಾರಕ್ಕೇ ಬೇಕಿತ್ತು. ದುಬಲಗುಂಡಿಯಲ್ಲಿರುವ ನಮ್ಮ ಅತ್ತೆ ಕಮಳಾಬಾಯಿಯವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಹುಮನಾಬಾದಿನ ದವಾಖಾನೆಯಲ್ಲಿ ಮೂರು ತಿಂಗಳು ಕಾದ ಮೇಲೆ ಒಂದು ಕಣ್ಣಿನ ಆಪರೇಷನ್ನಿಗೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬರಹೇಳಿದ್ದರು, ತಪ್ಪಿದರೆ ಮತ್ತೆ ಮೂರು ತಿಂಗಳು. ಹಿಂದೊಮ್ಮೆ ಬಸ್ಸಿನ ಮೆಟ್ಟಿಲು ಕಾಣದೆ ಬಿದ್ದು ಮೊಣಕಾಲು ಒಡೆದುಕೊಂಡವರು ಅವರು. "ಬಸ್ಸಿನ ಮಾತೇ ಬ್ಯಾಡ್ರಿ, ಕಾರಿನಾಗ ಕುಂದ್ರಿಸಿಕೊಂಡು ಹೋಗ್ತೀನಿ" ಎಂದು ಹತ್ತು ಜನರ ಮುಂದೆ ಅವರಿಗೆ ಮಾತು ಕೊಟ್ಟವನು ನಾನು.

ಹೀಗಾಗಿ ತಮ್ಮನ್ನು ಅಂಗಡಿಯಿಂದ ಕೊಂಡು ತಂದು, ಭಾನುವಾರ ಮನೆಯಂಗಳದಲ್ಲೇ ತಮ್ಮ ಅಧಿಕಾರ ಸ್ವೀಕಾರ ಸಮಾರಂಭ ಏರ್ಪಡಿಸಿದೆ. ಮೊಬೈಲಿನಲ್ಲಿ ಮುಕ್ಕಾಲು ಗಂಟೆಯ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ನೋಡಿ ಮುಗಿಸಿದ್ದೆನಾದ್ದರಿಂದ ಜ್ಞಾನಕ್ಕೆ ಕೊರತೆಯಿರಲಿಲ್ಲ. ಹಳೆಯ ಬೆಲ್ಟ್ ಬಿಚ್ಚುವ ಮೊದಲು ಯಾವ ಚಕ್ರದ ಯಾವ ಹಲ್ಲು ಎಲ್ಲಿತ್ತೆಂದು ಗುರುತು ಮಾಡಿಕೊಳ್ಳಬೇಕಲ್ಲವೇ? ನನ್ನ ಹೆಂಡತಿ ವರ್ಷಾಳ ಕೆಂಪು ನೇಲ್ ಪಾಲಿಶ್ ತಂದು ಮೇಲಿನ ಚಕ್ರಕ್ಕೊಂದು, ಕೆಳಗಿನ ಚಕ್ರಕ್ಕೊಂದು ಬೊಟ್ಟು ಇಟ್ಟೆ. ಬೆಲ್ಟ್ ಬಿಚ್ಚಿ, ಅರ್ಧ ಲೋಕ ಗೆದ್ದ ಹುಮ್ಮಸ್ಸಿನಲ್ಲಿ ಊಟಕ್ಕೆ ಒಳಗೆ ಹೋದೆ.

ಅಷ್ಟರಲ್ಲಿ ನನ್ನ ತಾಯಿ ಜಿಜಾಬಾಯಿ ಅಂಗಳಕ್ಕೆ ಬಂದರು. ದಸರೆಯಲ್ಲಿ ಕುಡುಗೋಲಿನಿಂದ ಹಿಡಿದು ಮಿಕ್ಸರ್ ತನಕ ಯಾವ ಕಬ್ಬಿಣವನ್ನೂ ಕುಂಕುಮವಿಲ್ಲದೆ ಬಿಡದ ಹೆಣ್ಣುಮಗಳು ಅವರು. ಎರಡೇ ಎರಡು ಕೆಂಪು ಬೊಟ್ಟು ಕಂಡು, ಮಗ ಪೂಜೆ ಶುರುಮಾಡಿ ಮೈಗಳ್ಳತನದಿಂದ ಅರ್ಧಕ್ಕೇ ಬಿಟ್ಟನೆಂದು ತಿಳಿದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಪ್ರತಿ ಚಕ್ರಕ್ಕೆ ಐದೈದರಂತೆ ಇಟ್ಟು, ಊದುಬತ್ತಿ ಹಚ್ಚಿ ಬಂದರು. ನಾನು ಕೈತೊಳೆದು ಹೋಗಿ ನೋಡಿದರೆ ಇಂಜಿನ್ನು ಮದುವಣಗಿತ್ತಿಯಾಗಿ ಕುಳಿತಿದೆ! "ಅವ್ವಾ, ಏನ್ ಮಾಡಿದಿ?" ಎಂದು ಕೂಗಿದರೆ, "ಯಂತ್ರದ ಹೊಟ್ಟಿ ತೆರದ ಮ್ಯಾಗ ಕುಂಕ್ಮ ಹಚ್ಚದ ಮುಚ್ಚಬಾರದಪಾ. ನಿನಗ ಆಗಿಲ್ಲ, ನಾ ಮುಗಿಸೀನಿ" ಎಂದು ನನ್ನನ್ನೇ ಸಮಾಧಾನಪಡಿಸಿದರು.

ಇಲ್ಲಿಯವರೆಗೆ ತಪ್ಪು ಯಾರದೆಂದು ತಾವು ತೀರ್ಮಾನಿಸಬಹುದು. ಮುಂದಿನದು ಮಾತ್ರ ಸಂಪೂರ್ಣ ನನ್ನದೇ. ಕುಂಕುಮವನ್ನು ಬಟ್ಟೆಯಿಂದ ಮೆಲ್ಲಗೆ ಒರೆಸಿದ್ದರೆ ನೇಲ್ ಪಾಲಿಶ್ ಉಳಿಯುತ್ತಿತ್ತು. ನಾನು ಸಿಟ್ಟಿನ ಭರದಲ್ಲಿ ಥಿನ್ನರ್ ಸುರಿದು, ಚಕ್ರಗಳು ಅತ್ತಿತ್ತ ತಿರುಗುವಷ್ಟು ಜೋರಾಗಿ ತಿಕ್ಕಿದೆ. ಕುಂಕುಮವೂ ಹೋಯಿತು, ನೇಲ್ ಪಾಲಿಶೂ ಹೋಯಿತು, ಚಕ್ರಗಳು ಶೋರೂಮಿನಿಂದ ಬಂದಂತೆ ಥಳಥಳಿಸಿದವು. ಆಮೇಲೆ ಅಂದಾಜಿನ ಮೇಲೆ ತಮ್ಮನ್ನು ಕೂರಿಸಿ, ಕೆಳಗಿನ ಚಕ್ರದ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೆ ಟಕ್ಕೆಂದು ನಿಂತಿರಿ. ಇನ್ನಷ್ಟು ಬಲ ಹಾಕಲು ಹೊರಟವನನ್ನು ವರ್ಷಾ ತಡೆದಳು: "ಜೋರ್ ಮಾಡಬ್ಯಾಡ್ರಿ! ಇಂಜಿನ್ನೂ ಹೋಗ್ತದ, ನಮ್ಮ ಅವ್ವನ ತಾರೀಖೂ ಹೋಗ್ತದ. ನಾ ನಸುಕಿನ್ಯಾಗ ಬಸ್ಸಿಗಿ ಹೋಗ್ತೀನಿ." ಸಂಜೆಯವರೆಗೂ ನಾನು ಏನೇನೋ ಕಸರತ್ತು ಮಾಡಿ ಎರಡು ಬೆರಳು ಜಜ್ಜಿಕೊಂಡೆ, ತಾವು ಜಗ್ಗಲಿಲ್ಲ.

ಸೋಮವಾರ ವರ್ಷಾ ಹುಮನಾಬಾದಿಗೆ ಒಂದು ಬಸ್ಸು, ದುಬಲಗುಂಡಿಗೆ ಇನ್ನೊಂದು, ತಾಯಿಯ ಕೈಹಿಡಿದು ಮತ್ತೆ ಹುಮನಾಬಾದಿಗೆ ಮೂರನೆಯದು ಹಿಡಿದು, ಒಂಬತ್ತೂಕಾಲಿಗೆ ದವಾಖಾನೆಯ ಬಾಗಿಲು ಮುಟ್ಟಿದಳು. ಹೆಸರು ಕೂಗಿ ಆಗಿತ್ತಂತೆ. ಕೈಕಾಲು ಹಿಡಿದು ಕೊನೆಯ ಸರದಿ ಪಡೆದಳಂತೆ. ಫೋನಿನಲ್ಲಿ ಅಳುತ್ತಲೇ "ಒಳಗ ಕರಕೊಂಡ್ರು" ಎಂದಾಗ, ಮಾನ್ಯರೇ, ನಾಚಿಕೆಯಿಂದ ನನಗೆ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

ಬುಧವಾರ ಯುನೂಸ್ ಭಾಯಿಗೆ ಪುರಸೊತ್ತಾಯಿತು, ನನ್ನ ಹಟಕ್ಕೆ ಆಗಲಿಲ್ಲ. ನಿನ್ನೆ ಅತ್ತೆಯವರು ಕರಿ ಕನ್ನಡಕ ಧರಿಸಿ, ಮಗಳ ಜೊತೆ ಬಸ್ಸಿನಲ್ಲೇ ನಮ್ಮ ಮನೆಗೆ ಬಂದರು. ಬಾನೆಟ್ ಬಳಿ ಕ್ಷಣಕಾಲ ನಿಂತು, ಕನ್ನಡಕ ತುಸು ಸರಿಸಿ ಕೇಳಿದರು: "ಅಳಿಯಾರೆ, ಈ ಚಕ್ರದ ಮ್ಯಾಗ ಒಂದು ಗೀಟು ಕೊರದಾರ, ಬಾಜೂಕ ಅಂಥಾದೇ ಇನ್ನೊಂದು ಗೀಟು ಅದ. ಅವೆರಡೂ ಎದುರಾಬದುರ ಇರಬೇಕೇನ್ರಿ?" ಹೌದು, ಇರಬೇಕಿತ್ತು. ಕೆಳಗಿನ ಚಕ್ರದಲ್ಲೂ ಅಂಥದೇ ಜೋಡಿ ಇತ್ತು. ಕಂಪನಿಯವರೇ ಕೊರೆದ ಗುರುತುಗಳು; ನಾಲ್ಕು ದಿನ ನಾನು ಕೆಂಪು ಬಣ್ಣ ಹುಡುಕುತ್ತಾ ಅವುಗಳ ಮೇಲೇ ಕೈಯಾಡಿಸಿದ್ದೆ. ಗೀಟಿಗೆ ಗೀಟು ಕೂಡಿಸಿದೆ, ತಾವು ಎರಡು ಸುತ್ತು ಸರಾಗವಾಗಿ ತಿರುಗಿದಿರಿ, ಕೀಲಿ ತಿರುಗಿಸಿದ ಕೂಡಲೇ ಕಾರು ಚಾಲೂ ಆಯಿತು.

ಆದ್ದರಿಂದ ತಮ್ಮಲ್ಲಿ ವಿನಂತಿ: ನಿವೃತ್ತಿಗೆ ಹದಿನೈದು ದಿನ ಮೊದಲು, ಕಬ್ಬಿನ ಹಂಗಾಮು ಬಿಟ್ಟು, ಲಿಖಿತ ನೋಟಿಸು ಕೊಡಬೇಕು, ಕುಂಕುಮವನ್ನೂ ಅಧಿಕೃತ ಗುರುತೆಂದು ಮಾನ್ಯ ಮಾಡಬೇಕು, ಮತ್ತು ಮೂರು ಬಸ್ಸು ಹತ್ತಿಳಿದ ನನ್ನ ಹೆಂಡತಿಯ ಎದುರು, ಎಲ್ಲ ತಪ್ಪೂ ತಮ್ಮದೇ ಎಂದು ಒಮ್ಮೆ ಖುದ್ದಾಗಿ ಬಂದು ಒಪ್ಪಿಕೊಳ್ಳಬೇಕು.

ಬೆರಳಿನ ಪಟ್ಟಿ ಇನ್ನೂ ಬಿಚ್ಚದ,
ತಮ್ಮ ವಿಶ್ವಾಸಿ
ಅನೀಲಕುಮಾರ

ತಾ.ಕ.: ಇಂದು ಮಧ್ಯಾಹ್ನ ಅತ್ತೆಯವರು ಊರಿಗೆ ಹೊರಟರು. ನಾನು ಕಾರು ತೊಳೆದು, ಬಾಗಿಲು ತೆರೆದು ನಿಂತಿದ್ದೆ. ಅವರು ಚೀಲ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಲೇ ಹೇಳಿದರು: "ಬ್ಯಾಡ್ರಿ ಅಳಿಯಾರೆ. ಕಣ್ಣು ಕಾಣಲಾರದಾಗ ಆಗಿದ್ರ ಕೂಡ್ತಿದ್ದೆ, ಈಗ ಛಂದ ಕಾಣ್ತದ."