ಎಂಜಿನ್ನಿನ ಮೇಲೆ ಮನೆ ಮಾಡಿರುವ ಗುಬ್ಬಚ್ಚಿ ದಂಪತಿಗಳಿಗೆ

ಮಾನ್ಯರೇ,

ತಮ್ಮಿಬ್ಬರಿಗೂ, ಮೊನ್ನೆಯಷ್ಟೇ ಕಣ್ಣು ಬಿಟ್ಟಿರುವ ತಮ್ಮ ನಾಲ್ವರು ಚಿರಂಜೀವಿಗಳಿಗೂ ಈ ಹಲ್ಲಿನ ಡಾಕ್ಟರನ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂಬುದು ದಿನಾ ಬೆಳಗ್ಗೆ ಶೆಡ್ಡಿನ ಮಾಡು ಕಿತ್ತುಹೋಗುವ ಹಾಗೆ ಕೇಳಿಬರುವ ಚಿಲಿಪಿಲಿಯಿಂದಲೇ ತಿಳಿಯುತ್ತಿರುವುದರಿಂದ ಆ ವಿಚಾರ ಕೇಳುವುದಿಲ್ಲ. ನನ್ನ ಕ್ಷೇಮವನ್ನು ತಾವು ಕೇಳಿಲ್ಲ, ಆದರೂ ಹೇಳಿಕೊಳ್ಳುತ್ತೇನೆ. ಈ ಪತ್ರವನ್ನು ಎಲ್ಲರೂ ಓದುವಂತೆ ಶೆಡ್ಡಿನ ಬಾಗಿಲಿಗೆ ಅಂಟಿಸುತ್ತಿರುವುದಕ್ಕೆ ಕಾರಣವಿದೆ. ಸದ್ಯ ತಮ್ಮ ವಿಳಾಸ ನನ್ನ ವಿಮಾನವೇ ಆಗಿರುವುದರಿಂದ, ಅಂಚೆಗೆ ಹಾಕಿದರೆ ಅದು ತಿರುಗಿ ನನ್ನ ಕೈಗೇ ಬಂದೀತೆಂಬ ಭಯ.

ಹೌದು, ತಾವು ವಾಸವಾಗಿರುವುದು ವಿಮಾನದಲ್ಲಿ. ಇದನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನೋಡಿದವರು ತಾವಾಗಿಯೇ ಹಾಗೆ ಅಂದುಕೊಳ್ಳುವುದು ಕಡಿಮೆ. ನಾಲ್ಕು ಸೀಟು, ಒಂದು ಎಂಜಿನ್ನು, ಮುಂದೊಂದು ಪಂಖ. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಚಿಕ್ಕದು, ನನ್ನ ಹಾಗೆಯೇ ಬೆಳಗ್ಗೆ ಏಳುವಾಗ ನಾಲ್ಕು ಸಲ ಕೆಮ್ಮುತ್ತದೆ. ಒಂಬತ್ತು ವರ್ಷದ ಹಿಂದೆ ಇದನ್ನು ಊರಾಚೆಯ ಈ ಪುಟ್ಟ ರನ್‌ವೇಗೆ ತಂದ ದಿನ ನನ್ನ ಹೆಂಡತಿ ಸುತ್ತ ಒಂದು ಸುತ್ತು ಬಂದು, ರೆಕ್ಕೆಯನ್ನು ಬೆರಳಿನಿಂದ ತಟ್ಟಿ, "ತಗಡು" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ತಗಡು. ವಾರಕ್ಕೊಂದು ಗಂಟೆ ಹಾರುವ ಸುಖಕ್ಕಾಗಿ ಉಳಿದ ದಿನಗಳಲ್ಲಿ ಅದರ ಗಾಜು ಒರೆಸುವುದು, ಚಕ್ರದ ಗಾಳಿ ನೋಡುವುದು, ಎಣ್ಣೆ ಬದಲಿಸುವುದು, ರೆಕ್ಕೆಯ ಮೇಲಿನ ತಮ್ಮ ಬಂಧುಗಳ ಹಿಕ್ಕೆ ಕೆರೆಯುವುದು, ಇವುಗಳಿಂದ ಒಬ್ಬ ಮನುಷ್ಯನಿಗೆ ಎಷ್ಟು ಆನಂದ ಸಿಗುತ್ತದೆಂಬುದನ್ನು ಹುಟ್ಟಿದ ಹದಿನೈದನೇ ದಿನಕ್ಕೆ ಯಾರನ್ನೂ ಕೇಳದೆ ಹಾರಿಬಿಡುವ ತಮ್ಮ ಕುಲಕ್ಕೆ ವಿವರಿಸುವುದು ಕಷ್ಟ. ನಾನಾದರೋ ವರ್ಷಕ್ಕೊಮ್ಮೆ ಕಣ್ಣು, ಕಿವಿ, ಎದೆಬಡಿತಗಳನ್ನು ಡಾಕ್ಟರಿಗೆ ಒಪ್ಪಿಸಿ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದು ಸರ್ಟಿಫಿಕೇಟು ತರಬೇಕು.

ತಗಡಿಗೂ ವರ್ಷಕ್ಕೊಮ್ಮೆ ಪರೀಕ್ಷೆ ಉಂಟು. ಅದನ್ನು ನಡೆಸುವವನು ಇಲ್ಲಿನ ಮೆಕ್ಯಾನಿಕ್ಕು. ಅವನನ್ನು ನಾವೆಲ್ಲ ಊಹ್ಞೂಂ ಮೇಸ್ತ್ರಿ ಎನ್ನುತ್ತೇವೆ, ಏಕೆಂದರೆ ಏನನ್ನೇ ತೋರಿಸಿದರೂ ಅವನ ಬಾಯಿಂದ ಮೊದಲು ಹೊರಡುವುದು ಆ ಒಂದು ಶಬ್ದ. ಈ ಚಕ್ರ ಇನ್ನೊಂದು ವರ್ಷ ಬಾಳಿಕೆ ಬಂದೀತೇ? ಊಹ್ಞೂಂ. ಈ ಶಬ್ದ ಮಾಮೂಲೇ? ಊಹ್ಞೂಂ. ನಾನೇ ಇದನ್ನು ಬಿಚ್ಚಿ ಜೋಡಿಸಲೇ? ಇದಕ್ಕೆ ಮಾತ್ರ ಎರಡು ಸಲ ಊಹ್ಞೂಂ.

ಪಂಖದ ಎಡಬಲದಲ್ಲಿ ಮೂಗಿನ ಹೊಳ್ಳೆಗಳಂತೆ ಎರಡು ಕಿಂಡಿಗಳಿವೆ. ತಾವು ಹೆಬ್ಬಾಗಿಲು ಎಂದು ಬಳಸುತ್ತಿರುವುದು ಎಡಗಡೆಯದನ್ನು. ಹಾರುವಾಗ ಅವುಗಳ ಮೂಲಕ ನುಗ್ಗುವ ಗಾಳಿಯೇ ಎಂಜಿನ್ನನ್ನು ತಣ್ಣಗಿಡುವುದು. ವಿಮಾನ ನಿಂತಿರುವಾಗ ತಮ್ಮಂಥ ಗಣ್ಯರು ಒಳಗೆ ಬಾರದಿರಲೆಂದು ಅವಕ್ಕೆ ಬಿರಡೆ ಹಾಕಿಡಬೇಕು. ಪರದೆ ಹೊಲಿಯುವ ಅಂಗಡಿ ನಡೆಸುವ ನನ್ನ ಹೆಂಡತಿ ಹಳೇ ಸೋಫಾದ ಸ್ಪಂಜು ಕತ್ತರಿಸಿ, ಕೆಂಪು ಬಟ್ಟೆಯ ಕವಚ ಹಾಕಿ, ಉದ್ದನೆಯ ಲಾಡಿ ಇಟ್ಟು ಎರಡು ದಿಂಬು ಹೊಲಿದುಕೊಟ್ಟಿದ್ದಳು. ತಗಡಿನ ಬಗ್ಗೆ ಒಂದು ಒಳ್ಳೆಯ ಮಾತಾಡದವಳು ಈ ದಿಂಬುಗಳನ್ನು ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಳೆಂದರೆ, ಅಂಚಿನಲ್ಲಿ ಎರಡೆರಡು ಸಾಲು ಹೊಲಿಗೆ. ಅದು ತಗಡಿನ ಮೇಲಿನ ಪ್ರೀತಿ ಅಲ್ಲವೆಂಬುದು ನನಗೆ ಅರ್ಥವಾಗಲು ಒಂಬತ್ತು ವರ್ಷ ಹಿಡಿಯಿತು.

ಆ ಒಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಎತ್ತರದ ಭಯ ಅವಳಿಗಿಲ್ಲ. ಏಣಿಯ ತುದಿಯಲ್ಲಿ ನಿಂತು ಬಾಯಲ್ಲಿ ಸೂಜಿ ಕಚ್ಚಿಕೊಂಡು ಪರದೆ ತೂಗುಹಾಕುವವಳು. ಅವಳಿಗಿದ್ದ ಭಯ ನನ್ನ ಒಂದು ಮಾತಿನದು. ಆ ಮಾತು "ನೋಡಿದೆ". ಒಲೆ ಆರಿಸಿದಿರಾ ಎಂದರೆ ಆರಿಸಿದೆ, ನೋಡಿದೆ. ಹಿತ್ತಲ ಬಾಗಿಲು ಹಾಕಿದಿರಾ ಎಂದರೆ ಹಾಕಿದೆ, ನೋಡಿದೆ. ಮಹಡಿಯ ಮೇಲಿನ ನೀರಿನ ಟ್ಯಾಂಕು ತುಂಬಿ ಗೋಡೆಯ ಮೇಲೆ ಇಳಿಯುತ್ತಿರುವಾಗಲೂ ನಾನು ಕೆಳಗೆ ಪೇಪರಿನಿಂದ ತಲೆಯೆತ್ತದೆ ಮೋಟಾರು ಆಫ್ ಮಾಡಿದ್ದೇನೆ, ನೋಡಿದೆ ಎಂದದ್ದುಂಟು. ದಿನವಿಡೀ ಪುಟ್ಟ ಕನ್ನಡಿ ಹಿಡಿದು ಕಂಡವರ ಬಾಯಲ್ಲಿ ಸಾಸಿವೆಯಷ್ಟು ತೂತಿದ್ದರೂ ಹುಡುಕುವ ನಾನು, ಕ್ಲಿನಿಕ್ಕಿನ ಬಾಗಿಲು ದಾಟಿದ ಕೂಡಲೇ ನೋಡುವ ಕೆಲಸವನ್ನು ಬಾಯಿಗೆ ವಹಿಸಿಬಿಡುತ್ತೇನೆ. ಬಾ ಒಂದು ಸುತ್ತು ಹೋಗಿಬರೋಣ ಎಂದಾಗಲೆಲ್ಲ ಅವಳದು ಒಂದೇ ಉತ್ತರ: "ರೀ, ನೆಲದ ಮೇಲಿದ್ರೆ ನಿಮ್ಮ ಹಿಂದೆ ಹೋಗಿ ನಾನು ಇನ್ನೊಂದು ಸಲ ನೋಡ್ಕೋಬಹುದು. ಮೇಲೆ ಹೋದ್ಮೇಲೆ ಎಲ್ಲಿಗೆ ಹೋಗಿ ನೋಡ್ಲಿ?"

ಇದಕ್ಕೆ ಉತ್ತರ ಕೊಟ್ಟದ್ದು ಪಟ್ಟಿ. ಹಾರುವ ಮುಂಚೆ ನಾವು ಓದಬೇಕಾದ ಒಂದು ಪಟ್ಟಿ ಇದೆ, ಮೂವತ್ತೊಂದು ಸಾಲು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಆ ಭಾಗವನ್ನು ಬೆರಳಿನಿಂದ ಮುಟ್ಟಿ, ಆಮೇಲೆ "ನೋಡಿದೆ" ಎನ್ನಬೇಕು, ಮುಟ್ಟದೆ ಅನ್ನಬಾರದು. ದೂರದಿಂದ ನೋಡಿದವರಿಗೆ ಯಾರೋ ವಯಸ್ಸಾದವನು ವಿಮಾನದ ಜೊತೆ ಜಗಳ ಕಾಯುತ್ತಿರುವ ಹಾಗೆ ಕಾಣುತ್ತದೆ. ಕಳೆದ ತಿಂಗಳು ಮನೆಯ ಬೀಗದ ಕೈ ಇಸಿದುಕೊಂಡು ಹೋಗಲು ಬಂದ ನನ್ನ ಹೆಂಡತಿ ಇದನ್ನು ಮೊದಲಿಂದ ಕೊನೆಯವರೆಗೂ ನಿಂತು ನೋಡಿದಳು. "ಮನೇಲೂ ಹೀಗೇ ಮುಟ್ಟಿ ನೋಡಿದ್ರೆ ಎಷ್ಟು ಚೆನ್ನಾಗಿತ್ತು" ಎಂದಳು. ಬೀಗದ ಕೈ ಹಿಡಿದುಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ, "ಆಯ್ತು, ಒಂದು ಸಲ ಬರ್ತೀನಿ" ಎಂದಳು. ಆ ದಿನ ನಾನು ಹಾರಿದ್ದು ಎಂಜಿನ್ನಿನ ಬಲದಿಂದ ಅಲ್ಲವೆಂದು ತಮ್ಮೆದುರು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಇನ್ನು ತಮ್ಮ ಆಗಮನದ ವಿಷಯ. ಆ ಮಾತಾಗಿ ಒಂದು ವಾರಕ್ಕೆ ಭಾವಮೈದುನ ಬಂದು, ತಗಡಿನ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದ. "ಭಾವ, ಆ ಕೆಂಪು ದಿಂಬು ತೆಗೀರಿ, ನಿಮ್ಮ ವಿಮಾನ ನೆಗಡಿಯಾದವರ ಥರ ಕಾಣ್ತಿದೆ" ಎಂದ. ತೆಗೆದೆ. ಒಂದು ಕೈ ಪಂಖದ ಮೇಲೆ, ಇನ್ನೊಂದು ಸೊಂಟದ ಮೇಲೆ, ನೋಟ ದೂರದ ಮೋಡದ ಮೇಲೆ. ಹದಿನಾರು ಫೋಟೋ ತೆಗೆಸಿಕೊಂಡೆ. ಹದಿನಾರರಲ್ಲೂ ನನ್ನ ಹೊಟ್ಟೆಯೇ ಮುಂದೆ ಇದೆ, ವಿಮಾನ ಹಿಂದೆ. ದಿಂಬುಗಳು ಕಾರಿನ ಡಿಕ್ಕಿ ಸೇರಿದವು. ಅಲ್ಲಿಂದ ಎರಡು ವಾರ ಕ್ಲಿನಿಕ್ಕಿನಲ್ಲಿ ತಲೆಯೆತ್ತಲು ಬಿಡುವಿರಲಿಲ್ಲ, ನಾನು ಈ ಕಡೆ ಬರಲಿಲ್ಲ. ತಾವು ಬಂದಿರಿ.

ಬರುತ್ತೇನೆಂದು ಒಪ್ಪಿದ್ದ ಭಾನುವಾರ ಬೆಳಗ್ಗೆ ನನ್ನ ಹೆಂಡತಿ ಕೂದಲಿಗೆ ಸ್ಕಾರ್ಫು ಕಟ್ಟಿ, ಕೈಚೀಲ ಹೆಗಲಿಗೇರಿಸಿ ರೆಕ್ಕೆಯ ಪಕ್ಕ ನಿಂತಿದ್ದಳು. ನಾನು ಪಟ್ಟಿಯನ್ನು ಕಿಸೆಯಿಂದ ತೆಗೆಯಲೇ ಇಲ್ಲ. ಒಂಬತ್ತು ವರ್ಷದಿಂದ ಓದಿದ್ದು ಬಾಯಿಪಾಠವಾಗಿದೆಯೆಂದು ಅವಳಿಗೆ ತೋರಿಸುವ ಜಂಭ. ಮೊದಲ ಐದಾರು ಸಾಲಿಗೆ ಬೆರಳೂ ಮುಟ್ಟಿತು. ಆಮೇಲೆ ಬಾಯಿ ಮುಂದೆ, ಬೆರಳು ಹಿಂದೆ. "ಎಂಜಿನ್ನಿನ ಗಾಳಿಕಿಂಡಿ ಎರಡೂ ಖಾಲಿ, ನೋಡಿದೆ" ಎಂದು ನಾನು ಘೋಷಿಸಿದಾಗ ನಿಂತಿದ್ದದ್ದು ಬಾಲದ ಹತ್ತಿರ. ಅಲ್ಲಿಂದ ಕಿಂಡಿ ಕಾಣಬೇಕಾದರೆ ತಗಡು ಗಾಜಿನದಾಗಿರಬೇಕು.

ಆದರೆ ಅವಳಿಗೆ ತನ್ನ ಕೆಂಪು ದಿಂಬುಗಳು ಕಾಣಲಿಲ್ಲ. ಹೊಲಿದವಳಲ್ಲವೇ, ಹುಡುಕಿಕೊಂಡು ಮುಂದೆ ಹೋದಳು. ಎಡಗಡೆಯ ಹೊಳ್ಳೆಯಲ್ಲಿ ಒಂದು ಒಣಹುಲ್ಲಿನ ಎಳೆ ನೇತಾಡುತ್ತಿತ್ತಂತೆ. ಬಗ್ಗಿ ನೋಡಿದರೆ ಅಲ್ಲಿಂದ ತಾವೂ, ಯಾರಮ್ಮಾ ಬೇಕಿತ್ತು ಎಂಬಂತೆ, ಬಗ್ಗಿ ನೋಡಿದಿರಂತೆ.

ಊಹ್ಞೂಂ ಮೇಸ್ತ್ರಿ ಓಡಿಬಂದು ಮೇಲಿನ ಮುಚ್ಚಳ ಎತ್ತಿದ. ಎಂಜಿನ್ನಿನ ಬೆನ್ನ ಮೇಲೆ ಒಂದು ಬುಟ್ಟಿಯಷ್ಟು ಹುಲ್ಲು, ನಾರು, ಕಾಗದದ ಚೂರು, ನಡುವೆ ನಾಲ್ಕು ಮೊಟ್ಟೆ. ಮೇಸ್ತ್ರಿ ಹುಲ್ಲನ್ನು ನೋಡಿದ, ನನ್ನನ್ನು ನೋಡಿದ, ಊಹ್ಞೂಂ ಎನ್ನಲಿಲ್ಲ. "ಮೇಲೆ ಹೋಗಿದ್ರೆ ಹತ್ತು ನಿಮಿಷ ಡಾಕ್ಟ್ರೇ. ಆಮೇಲೆ ಇದಿಷ್ಟೂ ಹೊತ್ತಿ ಉರೀತಿತ್ತು" ಎಂದಷ್ಟೇ ಹೇಳಿ ಕೈ ಒರೆಸಿಕೊಂಡ. ನಾನು ಹೆದರಿದ್ದು ಬೆಂಕಿಗಲ್ಲ. ಅವಳು ಪಕ್ಕದ ಸೀಟಿನಲ್ಲಿ ಕುಳಿತಿರುತ್ತಿದ್ದಳು ಎಂಬುದಕ್ಕೆ. ಒಂಬತ್ತು ವರ್ಷ ಕಾದು, ನನ್ನ ಒಂದು ಮಾತು ನಂಬಿ ಬಂದವಳು.

ಅವಳು ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುವ ಗತಿ ನನಗೆ ಬರುತ್ತಿರಲಿಲ್ಲ. ಸ್ಕಾರ್ಫು ಬಿಚ್ಚಿ ಮಡಚಿ ಚೀಲಕ್ಕೆ ಹಾಕಿಕೊಂಡು, "ಅವು ಹಾರೋವರೆಗೂ ತಗಡು ಇಲ್ಲೇ ಇರ್ಲಿ" ಎಂದು ಮೇಸ್ತ್ರಿಗೆ ಹೇಳಿದಳು. ಆಮೇಲೆ ಬರುತ್ತೀಯಾ ಎಂದು ಕಾರಿನಲ್ಲಿ ಕೇಳಿದೆ. "ನೋಡೋಣ" ಎಂದಳು. ಮಾನ್ಯರೇ, ನಾನು "ನೋಡಿದೆ" ಎಂದರೆ ನೋಡಿಲ್ಲವೆಂದು ಅರ್ಥ; ಅವಳು "ನೋಡೋಣ" ಎಂದರೆ ನಿಜವಾಗಿಯೂ ನೋಡುತ್ತಾಳೆ. ಅಂದಿನಿಂದ ನನ್ನನ್ನು ನೋಡುತ್ತಿದ್ದಾಳೆ.

ತಮ್ಮ ಸಾಧನೆಯನ್ನು ಕೊಂಡಾಡದೆ ಮುಂದುವರಿಯುವುದು ಕೃತಘ್ನತೆಯಾದೀತು. ಒಂಬತ್ತು ವರ್ಷದಲ್ಲಿ ಮೂರು ಸಲ ಈ ಶೆಡ್ಡಿಗೆ ಕಾಲಿಟ್ಟ ನನ್ನ ಹೆಂಡತಿ ಈಗ ಎರಡು ದಿನಕ್ಕೊಮ್ಮೆ ಬರುತ್ತಾಳೆ. ಬರುವಾಗ ನನ್ನ ಕ್ಲಿನಿಕ್ಕಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ಎತ್ತಿಕೊಂಡು ಬಂದು, ಕಿಂಡಿಯೊಳಗೆ ಹಿಡಿದು, ತಮ್ಮ ಚಿರಂಜೀವಿಗಳ ಬಾಯೊಳಗೆ ನೋಡುತ್ತಾಳೆ. ಹಲ್ಲೇ ಇಲ್ಲದ ನಾಲ್ಕು ಬಾಯಿಗಳಿಗೆ ಸಿಗುತ್ತಿರುವ ಈ ಗಮನ ಮೂವತ್ತೆರಡು ಹಲ್ಲಿರುವ ನನಗೆ ಸಿಕ್ಕಿಲ್ಲ. ಮೇಸ್ತ್ರಿಯೂ ಬದಲಾಗಿದ್ದಾನೆ. ಪಕ್ಕದ ಶೆಡ್ಡಿನವರು ಎಂಜಿನ್ನು ಚಾಲೂ ಮಾಡಲು ಬಂದರೆ, ಮಕ್ಕಳು ಮಲಗಿವೆ, ಆ ಕಡೆ ತಳ್ಳಿಕೊಂಡು ಹೋಗಿ ಎನ್ನುತ್ತಾನೆ.

ಆದ್ದರಿಂದ ಕೆಲವು ವಿನಂತಿಗಳನ್ನು ಸವಿನಯವಾಗಿ ಮುಂದಿಡುತ್ತೇನೆ. ಚಿರಂಜೀವಿಗಳ ಪ್ರಥಮ ಹಾರಾಟಕ್ಕೆ ಮುಂಚೆ ದಯವಿಟ್ಟು ಅವರ ರೆಕ್ಕೆ, ಬಾಲ, ಕೊಕ್ಕುಗಳನ್ನು ಗಟ್ಟಿಯಾಗಿ ಹೆಸರು ಹೇಳಿ ಮುಟ್ಟಿ ನೋಡತಕ್ಕದ್ದು. ಬಾಯಿಪಾಠ ಒಪ್ಪಿಸಕೂಡದು, ಅದರ ಫಲ ನನಗೆ ಗೊತ್ತಿದೆ. ಹಾರುವಾಗ ಎಡಕ್ಕೆ ತಿರುಗುವ ಮುನ್ನ ರೇಡಿಯೋದಲ್ಲಿ ತಿಳಿಸಿದರೆ ಉತ್ತಮ. ಮನೆ ಖಾಲಿ ಮಾಡುವಾಗ ಬೀಗದ ಕೈ ಮೇಸ್ತ್ರಿಯ ಬಳಿ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮುಂಚೆ ತಮ್ಮಲ್ಲಿ ಒಬ್ಬರಾದರೂ ನನ್ನ ಹೆಂಡತಿಯ ಹೆಗಲ ಮೇಲೆ ಒಂದು ಗಳಿಗೆ ಕೂತು, ಈ ಡಾಕ್ಟರು ಈಗ ಸುಧಾರಿಸಿದ್ದಾನೆ, ನಾವು ಕಣ್ಣಾರೆ ಕಂಡಿದ್ದೇವೆ ಎಂದು ಶಿಫಾರಸು ಮಾಡಬೇಕಾಗಿ ಕೇಳಿಕೊಳ್ಳುತ್ತೇನೆ. ನಾನೇ ಹೇಳಬಹುದಿತ್ತು. ಆದರೆ ನನ್ನ ಮಾತಿಗೆ ಸದ್ಯ ನಮ್ಮ ಮನೆಯಲ್ಲಿ ಬೆಲೆಯಿಲ್ಲ, ತಮ್ಮ ಮಾತಿಗಿದೆ.

ನೆಲದ ಮೇಲೆ ಕಾಲೂರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ತಾವು ಒಪ್ಪಿದರೆ ಈ ವಿಮಾನದ ಮಾಲೀಕ

ತಾ.ಕ.: ತಾವು ಬೀಗದ ಕೈ ಬಿಡದೆ, ಒಂದು ಮಾತೂ ಹೇಳದೆ, ಮನೆ ಗುಡಿಸದೆ ಹೋದಿರೆಂದು ಮೇಸ್ತ್ರಿ ತಿಳಿಸಿದ. ಅವನು ಎಂಜಿನ್ನು ತೊಳೆದು, ಎಲ್ಲ ಪರೀಕ್ಷಿಸಿ, ಸಹಿ ಹಾಕಿಕೊಟ್ಟ ಮೇಲಿನ ಭಾನುವಾರ ನನ್ನ ಹೆಂಡತಿ ಸ್ಕಾರ್ಫು ಕಟ್ಟಿಕೊಂಡು ಬಂದಳು. ನಾನು ಕಾಗದ ಹಿಡಿದು ಮೂವತ್ತೊಂದು ಸಾಲು ಓದಿದೆ, ಮೂವತ್ತೊಂದು ಸಲ ಮುಟ್ಟಿದೆ. ಪ್ರತಿ ಸಾಲಿಗೂ ಅವಳು ಹಿಂದಿನಿಂದ ಬಂದು ಕನ್ನಡಿ ಹಿಡಿದು ಮತ್ತೆ ನೋಡಿದಳು. ಒಂದು ಗಂಟೆ ಹಿಡಿಯಿತು. ಆಮೇಲೆ ಹತ್ತಿ ಕುಳಿತಳು. ರನ್‌ವೇ ಬಿಟ್ಟು ಮೇಲೆದ್ದಾಗ ತಮ್ಮ ಕುಲದವರು ದಿನಾ ಕಾಣುವುದನ್ನೆಲ್ಲ ಅವಳು ಗಾಜಿಗೆ ಹಣೆಯೊತ್ತಿ ನೋಡಿದಳು: ಆಟಿಕೆಯಂಥ ಕಾರುಗಳು, ಅವಳ ಅಂಗಡಿಯ ನೀಲಿ ಮಾಡು, ನಮ್ಮ ಬೀದಿ. ನಾನು ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಅವಳು ಬೆರಳು ತೋರಿಸಿ ಕೇಳಿದಳು: "ರೀ, ಅದು ನಮ್ಮ ಮನೆ ಮಹಡಿ ಅಲ್ವಾ? ಯಾಕೆ ಹಾಗೆ ಥಳಥಳ ಅಂತಿದೆ?"

ನೋಡಿದೆ. ಟ್ಯಾಂಕು ತುಂಬಿ, ಮಹಡಿಯಿಡೀ ನೀರು ನಿಂತು, ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ಮೋಟಾರು ಆಫ್ ಮಾಡಿದೆ, ನೋಡಿದೆ ಅಂದ್ರಲ್ಲ?"

ಮಾನ್ಯರೇ, ಸಾವಿರ ಅಡಿ ಮೇಲೆ, ಓಡಿಹೋಗಲು ಜಾಗವಿಲ್ಲದ ಕಡೆ, ನನ್ನ ಸಂಸಾರದಲ್ಲೇ ಮೊದಲ ಸಲ ನಾನು ಹೇಳಿದೆ: "ಇಲ್ಲ. ನೋಡಲಿಲ್ಲ." ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಕನ್ನಡಿಯನ್ನು ಮಡಿಲಿಂದ ತೆಗೆದು ಚೀಲದೊಳಗೆ ಹಾಕಿ ಜಿಪ್ಪು ಎಳೆದಳು. "ಸರಿ. ಈಗ ಮುಂದೆ ನೋಡಿ" ಎಂದಳು.

ನಾನು ಮುಂದೆ ನೋಡಿದೆ.