ನಾಲ್ಕು ಚಮಚದ ಕಾಫಿ

ಡಾಕ್ಟರು ಹೇಳಿದ್ದರಲ್ಲಿ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಳ್ಳುವುದರಲ್ಲಿ ನನ್ನಂಥ ನಿಸ್ಸೀಮ ನಮ್ಮ ವನಗೂರಿನ ಸುತ್ತಮುತ್ತ ಇನ್ನೊಬ್ಬನಿಲ್ಲ. ಕಾಲಿನ ಹೆಬ್ಬೆರಳಿನ ಗಾಯ ಎಷ್ಟು ದಿನವಾದರೂ ಒಣಗದೆ ಸಕಲೇಶಪುರದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಕೊಟ್ಟು, ಸಕ್ಕರೆ ಬಿಡಿ, ರಕ್ತದ ಸಕ್ಕರೆ ಮೂರು ತಿಂಗಳಲ್ಲಿ ಇಳಿಯದಿದ್ದರೆ ದಿನಾ ಇನ್ಸುಲಿನ್ ಸೂಜಿ ಎಂದರು. ಸೂಜಿ ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ನಮ್ಮ ಹಸುವಿಗೆ ಚುಚ್ಚುವಾಗಲೂ ಕೊಟ್ಟಿಗೆಯ ಆಚೆ ನಿಂತು ಕಣ್ಣು ಮುಚ್ಚಿಕೊಳ್ಳುವವನು ನಾನು. ಹಾಗಂತ ನಾಲ್ಕು ಚಮಚ ಸಕ್ಕರೆಯ ಕಾಫಿ ಇಲ್ಲದೆ ನನಗೆ ಬೆಳಗೂ ಆಗುವುದಿಲ್ಲ. ಸಕ್ಕರೆ ಬಿಡಿ ಎಂದರೇ ಹೊರತು ಸಿಹಿ ಬಿಡಿ ಎನ್ನಲಿಲ್ಲವಲ್ಲ ಎಂದು ಬರುವಾಗ ಬಸ್ಸಿನಲ್ಲೇ ಸಮಾಧಾನ ಮಾಡಿಕೊಂಡೆ.

ಕಾಫಿ ಬೆಳೆಯುವವನ ತಲೆ ಓಡುವುದೇ ಹಾಗೆ. ಅರೇಬಿಕಾದ ಗುಣ ಬೇರೆ, ರೋಬಸ್ಟಾದ ಗುಣ ಬೇರೆ. ಗಿಡ ಬದಲಾದರೆ ಕಾಫಿಯೇ ಬದಲಾಗುವಾಗ ಸಕ್ಕರೆ ಬದಲಾಗದೇ ಇರುತ್ತದೆಯೆ? ಮೊದಲು ಮಗ್ಗೆಯ ಕಡೆಯ ಆಲೆಮನೆಯಿಂದ ಬೆಲ್ಲ ತಂದೆ. ಅದರಲ್ಲಿ ಸಣ್ಣ ಉಪ್ಪಿನ ರುಚಿ, ಜೊತೆಗೆ ಎರಡು ದಿನ ಹಾಲು ಒಡೆಯಿತು. ಅದೂ ಕಬ್ಬಿನದೇ ತಾನೆ ಎಂಬ ಅನುಮಾನ ಬಂದು ಭಾವಮೈದನಿಂದ ಕಾಡಿನ ಈಚಲಿನಂಥ ಬಗನಿ ಮರದ ಬೆಲ್ಲ ತರಿಸಿದೆ. ಕಪ್ಪಗಿತ್ತು, ಹೊಗೆ ವಾಸನೆ ಹೊಡೆಯುತ್ತಿತ್ತು, ಆದ್ದರಿಂದ ಔಷಧಿಯೇ ಇರಬೇಕು ಎಂದುಕೊಂಡೆ. ಅದು ಮುಗಿದ ಮೇಲೆ ಬಾಳ್ಳುಪೇಟೆಯಲ್ಲಿ ತೆಂಗಿನ ಸಕ್ಕರೆ ಸಿಕ್ಕಿತು. ತೆಂಗಿನಕಾಯಿಯ ರುಚಿ ಲವಲೇಶವೂ ಇಲ್ಲ, ಕೊಬ್ಬರಿ ಮಿಠಾಯಿಯ ತಳ ಸೀದಂತಿತ್ತು. ಬಿಳಿ ಸಕ್ಕರೆಯಷ್ಟು ಯಾವುದೂ ನಾಲಿಗೆಗೆ ಹತ್ತದ ಕಾರಣ ನಾಲ್ಕು ಚಮಚ ಆರಾಯಿತು. ನನ್ನ ಹೆಂಡತಿ ಕಮಲ ಇದನ್ನೆಲ್ಲ ನೋಡಿ ಒಂದೇ ಮಾತು ಕೇಳಿದಳು, "ಇರುವೆಗೆ ಯಾವುದಾದ್ರೂ ಬ್ಯಾಡ ಅನ್ಸೈತಾ, ನೋಡಿದ್ರಾ?" ನಾನು ಕೇಳಿಸದವನ ಹಾಗೆ ಇದ್ದುಬಿಟ್ಟೆ.

ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮೊದಲಿಗಿಂತ ಮೇಲಕ್ಕೇರಿತ್ತು. ನನ್ನ ಸಂಶೋಧನೆಯನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವರು ನಗದೆ ಕೇಳಿಸಿಕೊಂಡರು. ಶೀತದೇಶಗಳಲ್ಲಿ ಬೀಟ್ ಗೆಡ್ಡೆಯಿಂದ ತೆಗೆಯುವ ಬಿಳಿ ಸಕ್ಕರೆಗೂ ನಮ್ಮ ಕಬ್ಬಿನದಕ್ಕೂ ವ್ಯತ್ಯಾಸವೇ ಇಲ್ಲ, ಬೆಲ್ಲಗಳಲ್ಲಿ ಬಣ್ಣ, ವಾಸನೆ, ಚೂರುಪಾರು ಕಬ್ಬಿಣ ಹೆಚ್ಚು, ಉಳಿದದ್ದು ಬಹುಪಾಲು ಅದೇ ಸಕ್ಕರೆ ಎಂದರು. ನಾನು ಅರೇಬಿಕಾ, ರೋಬಸ್ಟಾ ಎಂದು ರಾಗ ಎಳೆದೆ.

"ಗೌಡ್ರೇ, ರಾತ್ರಿ ಅರೇಬಿಕಾ ಕುಡಿದ್ರೂ ರೋಬಸ್ಟಾ ಕುಡಿದ್ರೂ ನಿದ್ದೆ ಕೆಡುತ್ತೋ ಇಲ್ವೋ?"

ಕೆಡುತ್ತದೆ ಎಂದೆ. ಇನ್ನೊಂದೇ ತಿಂಗಳು ನೋಡುತ್ತೇನೆ ಎಂದು ಅವರು ಸೂಜಿಯ ಹೆಸರನ್ನು ಚೀಟಿಯ ಕೆಳಗೆ ಬರೆದಿಟ್ಟರು.

ಮಾರನೆಯ ದಿನ ಜನ್ಮದಲ್ಲಿ ಮೊದಲ ಸಲ ಏನೂ ಹಾಕದ ಕಾಫಿ ಕುಡಿದೆ. ಥೂ, ಸುಟ್ಟ ಗೋಣಿಚೀಲ ನೆನೆಹಾಕಿದ ನೀರಿನಂತಿತ್ತು. ಮೂವತ್ತು ವರ್ಷದಿಂದ ಕಮಲಳ ಮುಂದೆ, ನಿನ್ನ ಕಾಫಿಗೆ ಸಾಟಿಯಿಲ್ಲ ಎಂದು ಹೊಗಳಿದ್ದು ಇದನ್ನೇ? ಮೆಲ್ಲಗೆ, ಪುಡಿ ಏನಾದರೂ ಬದಲಾಯಿಸಿದೆಯಾ ಎಂದು ಕೇಳಿದೆ.

ಕಮಲ ಒಲೆ ಕಡೆಯಿಂದ ತಿರುಗಲೂ ಇಲ್ಲ. "ಅದೇ ಪುಡಿ ಕಣ್ರೀ. ಒಳ್ಳೆ ಬೀಜ ಎಲ್ಲ ಮಾರ್ಬುಟ್ಟು, ಗಿಡದಡಿ ಉದುರಿದ್ದು, ಹುಳ ಕೊರ್ದಿದ್ದು ಮನೆಗೆ ಸಾಕು ಅಂತ ವರ್ಷಾ ವರ್ಷಾ ನೀವೇ ತಂದು ಹಾಕ್ತೀರಲ್ಲ. ನಾಲ್ಕು ಚಮಚ ಹಾಕ್ದೆ ಅದನ್ನ ಕುಡಿಯಕ್ಕಾಯ್ತದಾ?"

ಈ ವರ್ಷ ಒಂದು ಮೂಟೆ ಒಳ್ಳೆಯ ಬೀಜ ಮನೆಗೆ ಇಟ್ಟುಕೊಂಡಿದ್ದೇನೆ. ಸಕ್ಕರೆ ಇಳಿಯುತ್ತಿದೆ, ಗಾಯವೂ ಒಣಗುತ್ತಿದೆ. ಮೂಟೆ ಬಿಚ್ಚುವಾಗ ಮಾತ್ರ ಸೂಜಿ ಚುಚ್ಚಿದಷ್ಟೇ ನೋವಾಯಿತು.