ಇಪ್ಪತ್ತನೆಯ ಅಡ್ಮಿಷನ್

ಕಾಲೇಜು ನಡೆಸುವವನನ್ನು ನಗೆಯ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಗುವ ಪುರುಸೊತ್ತು ಮಾತ್ರ ಬರುವುದಿಲ್ಲ. ಮಸ್ಕಿಯ ಸಣ್ಣದೊಂದು ಖಾಸಗಿ ಕಾಲೇಜಿಗೆ ನಾನು ಪ್ರಿನ್ಸಿಪಾಲ. ಈ ವರ್ಷ ಬಿ.ಎ. ಮೊದಲ ವರ್ಷಕ್ಕೆ ಇಪ್ಪತ್ತು ಮಂದಿ ಸೇರದಿದ್ದರೆ ಇಲ್ಲಿ ಬಿ.ಎ. ಬಂದ್, ಸೇರಿದವರನ್ನು ಲಿಂಗಸುಗೂರಿನಲ್ಲಿರುವ ನಮ್ಮದೇ ಇನ್ನೊಂದು ಕಾಲೇಜಿಗೆ ಕಳಿಸುವುದು ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಹೇಳಿಬಿಟ್ಟಿದ್ದರು. ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ.

ಚಾರ್ಜು

ಪ್ರಿನ್ಸಿಪಾಲ ಎಂದೆನಲ್ಲ, ಪೂರ್ತಿ ಅಲ್ಲ. ಇನ್‌ಚಾರ್ಜ್. ಹಳೆಯ ಪ್ರಿನ್ಸಿಪಾಲರು ನಿವೃತ್ತರಾದಾಗ ಎರಡು ತಿಂಗಳ ಮಟ್ಟಿಗೆ ನೋಡಿಕೊಳ್ಳಿ ಎಂದು ನನಗೆ ಒಪ್ಪಿಸಿದ್ದರು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ನನ್ನ ಮನೆ ಸಿಂಧನೂರಿನಲ್ಲಿ. ನಮ್ಮ ಓಣಿಯ ಮೂಲೆಗೆ ಮೊಬೈಲ್ ರಿಪೇರಿ ಮಾಡುವ ಭಾಯ್ ಒಬ್ಬರಿದ್ದಾರೆ. ದಿನಾ ಬಸ್ಸಿಗೆ ಹೋಗುವಾಗ ವಿಚಾರಿಸುತ್ತಾರೆ.

"ಸರ್, ಪರ್ಮನೆಂಟ್ ಆತೇನ್ರಿ?"

"ಇಲ್ಲ ಭಾಯ್, ಇನ್ನೂ ಇನ್‌ಚಾರ್ಜೇ."

"ನಾಕು ವರ್ಷ ಆತಲ್ರಿ ಚಾರ್ಜಿಗೆ ಹಾಕಿ! ಇನ್ನೂ ಫುಲ್ ಆಗಿಲ್ಲಂದ್ರ ಬ್ಯಾಟ್ರಿನೇ ಹೋಗಿರಬೇಕು, ಸರ್."

ತೆರೆದ ಬಾಗಿಲು

ಅಡ್ಮಿಷನ್ ಶುರುವಾಗುವ ಮೊದಲು ಅಧ್ಯಕ್ಷರು ನನ್ನನ್ನು ಒಂದು ತರಬೇತಿಗೆ ಕಳಿಸಿದರು. 'ಬದಲಾಗುತ್ತಿರುವ ಕಾಲದಲ್ಲಿ ಕಾಲೇಜು ಮುಖ್ಯಸ್ಥರ ನಾಯಕತ್ವ' ಎಂದು ಬ್ಯಾನರ್ ಕಟ್ಟಿದ್ದರು. ಕೋಟು ಹಾಕಿಕೊಂಡ ತರಬೇತುದಾರರು ಎರಡೇ ಮಾತನ್ನು ದಿನವಿಡೀ ಹೇಳಿದರು. ಒಂದು, ಬದಲಾವಣೆಯನ್ನು ಅಪ್ಪಿಕೊಳ್ಳಿ. ಇನ್ನೊಂದು, ನಿಮ್ಮ ಕೋಣೆಯ ಬಾಗಿಲನ್ನು ಸದಾ ತೆರೆದಿಡಿ, ಸಿಬ್ಬಂದಿ ತಾವಾಗಿ ಬಂದು ಮನಸ್ಸು ಬಿಚ್ಚುತ್ತಾರೆ.

ಎರಡನೆಯದು ಸುಲಭ ಅನ್ನಿಸಿತು. ಮರುದಿನವೇ ಬಾಗಿಲು ತೆರೆದು ಕುಳಿತೆ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೊರಗೆ ಹೋಗಿ ನೋಡಿದರೆ ಸ್ಟಾಫ್ ರೂಮೇ ಖಾಲಿ. ನಮ್ಮ ಅಟೆಂಡರ್ ಬಾಯಿ ಒಬ್ಬಳೇ ಅಲ್ಲಿ ಕಸ ಹೊಡೆಯುತ್ತಿದ್ದಳು.

"ಎಲ್ಲಾರೂ ಎಲ್ಲಿ ಹೋಗ್ಯಾರ?"

ನನ್ನನ್ನು ಕಂಡು ಅವಳ ಕೈಯಿಂದ ಕಸಬರಿಗೆ ಬಿತ್ತು. "ಅಯ್ಯ, ಸಾಹೇಬ್ರ, ನೀವು ಇದ್ದೀರೇನು? ನೀವು ಬಂದ ಕೂಡ್ಲೆ ಬಾಗ್ಲಾ ಹಾಕ್ಕೊಂತಿದ್ರಿ. ಬಾಗ್ಲಾ ತೆರದಿದ್ರ ನೀವು ರಜಾ, ನಾ ಕಸಾ ಹೊಡ್ಯಾಕ ತೆರದಿರ್ತೀನಿ. ಮೂರು ದಿನದಿಂದ ತೆರದೇ ಐತಲ್ಲಾ ಅಂತ ಎಲ್ಲಾರೂ ಮಧ್ಯಾನ ಎರಡಕ್ಕ ಮನಿಗೆ ಹೊಂಟ್ಹೋಗಾಕತ್ಯಾರ."

ಅವತ್ತೇ ಬಾಗಿಲು ಹಾಕಿಕೊಂಡೆ. ನಾಯಕತ್ವ ವಾಪಸ್ ಬಂತು.

ಯಾರಿಗೆ ಏನಾಗ್ಯಾದ

ಬಾಗಿಲು ತೆರೆದಿಟ್ಟರೂ ಮುಚ್ಚಿದರೂ ಅಡ್ಮಿಷನ್ ಹನ್ನೊಂದರ ಮೇಲೆ ಏರಲಿಲ್ಲ. ನಾನು ಮತ್ತು ಇತಿಹಾಸದ ಮೇಷ್ಟ್ರು ಅವರ ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗಿದೆವು. ಇತಿಹಾಸದವರಿಗೆ ನನಗಿಂತ ಹೆಚ್ಚು ಅವಸರ, ಬಿ.ಎ. ಹೋದರೆ ಅವರ ಕೆಲಸವೂ ಹೋಗುತ್ತದೆ. ಒಂದೂರಿನಲ್ಲಿ ಪಿಯುಸಿ ಪಾಸಾದ ಹುಡುಗಿ ಇದ್ದಾಳೆಂದು ತಿಳಿದು ಹೋದರೆ, ಕಟ್ಟೆಯ ಮೇಲೆ ಅವಳ ಅಜ್ಜಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಯವ್ವಾ, ನಾವು ಮಸ್ಕಿಯಿಂದ ಬಂದೀವಿ. ಅಡ್ಮಿಷನ್ ಮಾಡ್ಕೊಳ್ಳಾಕ," ಎಂದರು ಮೇಷ್ಟ್ರು.

ಅಜ್ಜಿ ಗಾಬರಿಯಾಗಿ ಎದ್ದು ನಿಂತಳು. "ಯಾರಿಗೆ ಏನಾಗ್ಯಾದ್ರೀ? ನಮ್ಮನ್ಯಾಗ ಎಲ್ಲಾರೂ ಚಲೋ ಅದಾರ!"

"ದವಾಖಾನಿ ಅಲ್ಲವ್ವಾ, ಕಾಲೇಜು. ನಿನ್ನ ಮೊಮ್ಮಗಳನ್ನ ಸೇರಿಸ್ಕೊಂತೀವಿ."

"ಸೇರಿಸಿದ್ರ ಎಷ್ಟು ದಿನಾ ಇಟ್ಕೊಂತೀರಿ?"

"ಮೂರು ವರ್ಷ."

"ಅಷ್ಟು ಜಡ್ಡು ಏನಾಗ್ಯಾದ್ರೀ ಆಕಿಗೆ?"

ಒಳಗಿನಿಂದ ಹುಡುಗಿ ನಕ್ಕ ಸದ್ದು ಕೇಳಿಸಿತು. ಕೊನೆಗೆ ಅಜ್ಜಿ ಒಪ್ಪಿದಳು. "ಮಸ್ಕಿ ಆದ್ರ ಕಳಸ್ತೀನಿ. ಮುಂದಕ್ಕ ಕಳಸಂಗಿಲ್ಲ. ನಮ್ಮೂರಿಗೆ ಇರಾದು ಒಂದ ಬಸ್ಸು, ಅದು ಮಸ್ಕಿಗೇ ನಿಂತುಬಿಡ್ತದ."

ರೆಫರ್

ಕಡೆಯ ದಿನ ಶನಿವಾರ. ಸಂಜೆಯವರೆಗೆ ಹತ್ತೊಂಬತ್ತು ಆಯಿತು. ಅಜ್ಜಿ ಬರಲಿಲ್ಲ. ಗೇಟಿನ ಕಡೆ ನೋಡಿ ನೋಡಿ ಇತಿಹಾಸದವರ ಕುತ್ತಿಗೆ ಹಿಡಿದುಕೊಂಡಿತು.

ಸೋಮವಾರ ಬೆಳಿಗ್ಗೆ ಹತ್ತೊಂಬತ್ತು ಮಂದಿಯನ್ನೂ ಲಿಂಗಸುಗೂರಿಗೆ ಸೇರಿಸುವ ಆದೇಶ ಬಂತು. ಅದು ನನ್ನ ಮೇಜಿನ ಮೇಲೆ ಬಿದ್ದ ಅರ್ಧ ಗಂಟೆಗೆ ಮೊಮ್ಮಗಳನ್ನು ಕರೆದುಕೊಂಡು ಅಜ್ಜಿ ಬಂದಳು.

"ಶನಿವಾರ ಯಾಕ ಬರ್ಲಿಲ್ಲವ್ವಾ?"

"ಅವತ್ತು ಅಮಾಸಿ ಇತ್ತಲ್ರೀ! ಅಮಾಸಿ ದಿನಾ ಯಾರಾರ ಅಡ್ಮಿಟ್ ಆಗ್ತಾರೇನು?"

ಅಲ್ಲಿಯೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಇಪ್ಪತ್ತನೆಯವಳು ಬಂದಾಳ್ರಿ, ದಯವಿಟ್ಟು ನೋಡ್ರಿ ಎಂದು ಗೋಗರೆದೆ. ಅಧ್ಯಕ್ಷರು ಸಮಾಧಾನವಾಗಿ ಹೇಳಿದರು: "ಬದಲಾವಣಿ ಅಪ್ಪಿಕೊಳ್ರಿ ಪ್ರಿನ್ಸಿಪಾಲ್ರ. ಮತ್ಯಾಕ ನಿಮ್ಮನ್ನ ಟ್ರೇನಿಂಗಿಗೆ ಕಳಿಸಿದ್ದು?"

ಫೋನಿಟ್ಟೆ. ಅಜ್ಜಿಯ ಕಡೆ ತಿರುಗಿದೆ. "ಇಲ್ಲಿ ಆಗಂಗಿಲ್ಲವ್ವಾ. ಲಿಂಗಸುಗೂರಿಗೆ ಕರ್ಕೊಂಡು ಹೋಗಬೇಕು. ನಾ ಚೀಟಿ ಬರದು ಕೊಡ್ತೀನಿ," ಎಂದೆ.

ಅಜ್ಜಿ ನನ್ನನ್ನು ನೋಡಿದಳು, ಖಾಲಿ ಕ್ಲಾಸುಗಳ ಕಡೆ ನೋಡಿದಳು. "ನೀವೂ ರೆಫರ್ ಮಾಡಿಬಿಟ್ರೇನು?" ಎಂದಳು.

ಅಟೆಂಡರ್ ಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೂ ನಗು ತಡೆಯಲಾಗಲಿಲ್ಲ; ಇತಿಹಾಸದವರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದರು. ಹುಡುಗಿ ಮಾತ್ರ ನಗಲಿಲ್ಲ. ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದೊಳಗೆ ವಾಪಸ್ ಇಟ್ಟುಕೊಂಡಳು.

ಅಜ್ಜಿ ಅವಳ ಕೈ ಹಿಡಿದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅಲ್ರೀ, ದವಾಖಾನ್ಯಾಗ ಲಿಂಗಸುಗೂರಿಗೆ ಬರದ ಕೊಟ್ರ ಹೋಗಾಕ ಗಾಡಿನಾರ ಕೊಡ್ತಾರ. ನಿಮ್ಮ ಗಾಡಿ ಎಲ್ಲೈತಿ?"